ಸದರಿ ಸ್ಥಳವು ಖಾಲಿ ಇರುತ್ತದೆ: ಮಗಳಿಗೊಂದು ಪತ್ರ

ಚಿತ್ರದುರ್ಗ
ಭಾನುವಾರ ಬೆಳಗಿನ ಜಾವ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅಪ್ಪಾ, ಚಂದ್ರನ ಮೇಲೆ ಯಾರೂ ಇಲ್ಲವಲ್ಲ, ಅಲ್ಲಿಂದ ತಂದರೆ ಯಾರದನ್ನ ಕಿತ್ಕೊಂಡ ಹಾಗಾಯ್ತು?" ಅಂದೆ. ಚಂದ್ರನ ಮಣ್ಣು ಅಗೆಯುವ ಯಂತ್ರದ ಕೈ ಮಾಡುವ ತಂಡಕ್ಕೆ ನಿನ್ನನ್ನು ಹಾಕಿದ್ದಾರೆ ಅನ್ನುವ ಸಂತೋಷದಲ್ಲಿ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ಮೂವತ್ತೈದು ವರ್ಷ ಜಮೀನು ಅಳೆದವನು ನಾನು. "ಅಲ್ಲಿ ಯಾರೂ ಇಲ್ಲ" ಅಂತ ಒಂದು ಸಲ ನನ್ನ ಕೈಯಾರೆ ಬರೆದಿದ್ದೇನೆ. ಆ ವಿಷಯ ನಿನಗೆ ಇದುವರೆಗೆ ಹೇಳಿಲ್ಲ.

ಆಗ ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಚಳ್ಳಕೆರೆ ಕಡೆಯ ಒಂದು ಕಾವಲು, ಅಂದರೆ ದನ ಮೇಯುವ ಬಯಲು, ಅಳೆಯಲು ಕಳಿಸಿದರು. ಏಪ್ರಿಲ್ ತಿಂಗಳು. 33 ಅಡಿಯ ಸರಪಳಿ, ಅಷ್ಟೇ ಉದ್ದ ಅಷ್ಟೇ ಅಗಲದ ಚೌಕ ಅಂದರೆ ಒಂದು ಗುಂಟೆ. ಕಬ್ಬಿಣದ ಕೊಂಡಿಗಳು ಬಿಸಿಲಿಗೆ ಕಾದು ಮುಟ್ಟಲಾಗದೆ, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಎಳೆಯುತ್ತಿದ್ದೆವು. ಮೂರು ದಿನ ಸುತ್ತಿದೆವು. ಒಂದು ದನ ಕಾಣಲಿಲ್ಲ, ಒಬ್ಬ ಮನುಷ್ಯ ಎದುರಾಗಲಿಲ್ಲ. ಮಹಜರಿನಲ್ಲಿ ಬರೆದೆ: "ಸದರಿ ಸ್ಥಳವು ಖಾಲಿ ಇರುತ್ತದೆ." ಸಹಿ ಹಾಕಿದೆ.

ಅದೇ ವರ್ಷ ಆಗಸ್ಟಿನಲ್ಲಿ ಆ ದಾರಿಯಲ್ಲೇ ಬಸ್ಸು ಕೆಟ್ಟು ನಿಂತಿತು. ಇಳಿದು ನೋಡಿದರೆ ನಾನು ಅಳೆದ ಜಾಗ. ಮೊಣಕಾಲುದ್ದ ಹುಲ್ಲು, ಅದರೊಳಗೆ ಕುರಿ ಮಂದೆಗಳು, ಆಚೆ ದಿಬ್ಬದ ಮೇಲೆ ದೇವರ ದನ. ಕಂಬಳಿ ಹೊದ್ದ ಒಬ್ಬ ಕಿಲಾರಿ ಅಜ್ಜನನ್ನು ಕೇಳಿದೆ, "ಏಪ್ರಿಲ್‌ನಲ್ಲಿ ಎಲ್ಲಿದ್ರಿ?" ಅಜ್ಜ ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಹುಲ್ಲಿಲ್ದಾಗ ನಾವ್ ಯಾಕಿರಾನ ಸ್ವಾಮಿ? ನೆಲಕ್ಕೂ ಬಿಡುವು ಬ್ಯಾಡ್ವಾ?" ಅಂದ. ಕೋಲಿನ ತುದಿಯಿಂದ ಹುಲ್ಲಿನ ಬುಡ ಕೆದಕಿ ತೋರಿಸಿದ. ಪುಡಿಯಾದ ಹಳೆಯ ಸಗಣಿ, ಅದರ ಮೇಲೆ ಹೊಸ ಚಿಗುರು. ಏಪ್ರಿಲ್‌ನಲ್ಲಿ ಆ ಸಗಣಿ ಚಕ್ಕೆಗಳ ಮೇಲೆಯೇ ಮೂರು ದಿನ ನಡೆದಿದ್ದೆ. ಕಲ್ಲುಚೂರು ಅಂದುಕೊಂಡಿದ್ದೆ.

ತಿದ್ದುಪಡಿ ಬರೆದು ಕೊಡಬಹುದಿತ್ತು. ಕೊಡಲಿಲ್ಲ. ನನ್ನ ಮಹಜರು ಯಾವ ಕಡತ ಸೇರಿತು ಅಂತ ಕೇಳಲೂ ಇಲ್ಲ.

ಅಮೃತಮಹಲ್ ದನಗಳಿಗಾಗಿ ಮೈಸೂರು ಅರಸರ ಕಾಲದಿಂದ ಬಿಟ್ಟ ನೆಲ ಈ ಕಾವಲುಗಳು. ಸುತ್ತಲ ಹಳ್ಳಿಯ ಯಾರ ಹೆಸರಿಗೂ ಪಹಣಿ ಇಲ್ಲ, ಆದರೆ ಎಲ್ಲರ ದನಕ್ಕೂ ಮೇವು. ಅಂಥದೇ ನೆಲದಲ್ಲಿ ಸುಮಾರು 10 ಸಾವಿರ ಎಕರೆ ಕುದಾಪುರ, ಉಳ್ಳಾರ್ತಿಯ ಸುತ್ತ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದಿತು, ದನ ಮೇಯಿಸುವವರ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅದೇ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ನೆಲದಂತೆ ಕುಳಿ ತೋಡಿ, ಚಂದ್ರಯಾನ-2ರ ಲ್ಯಾಂಡರ್ ಸೆನ್ಸರುಗಳನ್ನು ಪರೀಕ್ಷೆ ಮಾಡಿದರು. 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನೇ ಬಂದು ಇಳಿದದ್ದೂ ಚಳ್ಳಕೆರೆ ಕಡೆಯ ಈ ನೆಲದಲ್ಲೇ. ಆ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ನಾನೂ ನಿನ್ನಮ್ಮನೂ ಟಿವಿ ಮುಂದೆ ಅತ್ತೆವು. ಆ ಕಣ್ಣೀರು ಸುಳ್ಳಲ್ಲ. ಹಾಗೇ ಆ ಅಜ್ಜನ ಮಾತೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ನಿನಗೆ ಬರೆಯುತ್ತಿದ್ದೇನೆ.

ಚಂದ್ರನಲ್ಲಿ ಕುರಿಯೂ ಇಲ್ಲ, ಕಿಲಾರಿಯೂ ಇಲ್ಲ, ನಿಜ. ಆದರೆ ಅಳೆಯುವ ದಿನ ಹಾಜರಿಲ್ಲದವರು ಅಲ್ಲಿಗೂ ಇದ್ದಾರೆ. ಇನ್ನೂ ರಾಕೆಟ್ ಇಲ್ಲದ ದೇಶಗಳು ಇದ್ದಾವೆ, ಇನ್ನೂ ಹುಟ್ಟದವರು ಇದ್ದಾರೆ. ಅವರಿಗೆ ಬೇಕಾಗುವ ಜಾಗ ಬಹಳವೇನೂ ಇಲ್ಲ. ಚಂದ್ರ ಅಷ್ಟು ದೊಡ್ಡದಿದ್ದರೂ ನೀರಿನ ಹಿಮ ಇರುವುದು ಹೆಚ್ಚಾಗಿ ಧ್ರುವಗಳ ಬಳಿ, ಎಂದೂ ಬಿಸಿಲು ಬೀಳದ ಕುಳಿಗಳ ತಳದಲ್ಲಿ. ಹತ್ತಿರದಲ್ಲೇ ವರ್ಷದ ಬಹುಪಾಲು ಬಿಸಿಲು ಸಿಗುವ ಕೆಲವು ದಿಣ್ಣೆಗಳಿವೆ. ನೀರು ಮತ್ತು ಬಿಸಿಲು ಒಟ್ಟಿಗೆ ಸಿಗುವ ಆ ಸ್ವಲ್ಪ ನೆಲಕ್ಕೇ ಎಲ್ಲರ ಕಣ್ಣು. ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಊರು ಕಟ್ಟುವುದೇ ಕೆರೆ ಇರುವ ಕಡೆ. ಆದರೆ ನಮ್ಮ ಕಾವಲಿಗೆ ಎರಡು ಮಳೆ ಬಿದ್ದರೆ ಹುಲ್ಲು ಬರುತ್ತದೆ. ಆ ಹಿಮ ಕೂಡಿದ್ದು ಕೋಟ್ಯಂತರ ವರ್ಷಗಳಲ್ಲಿ. ತೆಗೆದರೆ ಮತ್ತೆ ತುಂಬುವ ಮಳೆ ಅಲ್ಲಿಲ್ಲ.

ಕಾನೂನು ಏನೂ ಇಲ್ಲ ಅಂತಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಎರಡನೇ ವಿಧಿ ಸ್ಪಷ್ಟವಾಗಿದೆ: ಚಂದ್ರನನ್ನಾಗಲಿ ಬೇರೆ ಯಾವ ಆಕಾಶಕಾಯವನ್ನಾಗಲಿ ಯಾವ ದೇಶವೂ ತನ್ನದೆನ್ನುವಂತಿಲ್ಲ, ಬಳಸಿದೆ ಅಂತಲೂ, ಅಲ್ಲಿ ಕೂತಿದ್ದೇನೆ ಅಂತಲೂ ಹಕ್ಕು ಹೂಡುವಂತಿಲ್ಲ. ಆದರೆ ಅಗೆದು ತೆಗೆದ ಮಣ್ಣು ಯಾರದು ಅಂತ ಅದು ಬಿಡಿಸಿ ಹೇಳುವುದಿಲ್ಲ. 2015ರಲ್ಲಿ ಅಮೆರಿಕ, 2017ರಲ್ಲಿ ಲಕ್ಸೆಂಬರ್ಗ್, ಆಮೇಲೆ ಯುಎಇ, ಜಪಾನ್, ಎಲ್ಲರೂ ಅಗೆದದ್ದು ಅಗೆದವರದೇ ಅಂತ ತಮ್ಮ ತಮ್ಮಲ್ಲೇ ಕಾನೂನು ಮಾಡಿಕೊಂಡರು. ವೇದಾವತಿಯಲ್ಲೂ ಇದೇ ಲೆಕ್ಕ ಅಲ್ಲವೇ? ಹೊಳೆ ಸರ್ಕಾರದ್ದು, ತುಂಬಿದ ಮರಳು ಟ್ರ್ಯಾಕ್ಟರಿನವನದು. ಮರಳು ಹೋಗಿ ದಡದ ಬೋರ್‌ವೆಲ್ ಬತ್ತಿದ ಮೇಲೆ, ಹೊಳೆ ಸರ್ಕಾರದ್ದು ಅನ್ನುವ ಕಾಗದ ಇಟ್ಟುಕೊಂಡು ರೈತ ಏನು ಮಾಡಬೇಕು?

ನಮ್ಮ ದೇಶದ ನಿಲುವು ನನಗೆ ನೋವು ತಂದಿದೆ. ಚಂದ್ರನ ಸಂಪತ್ತು ಇಡೀ ಮನುಕುಲದ ಸಮಾನ ಪರಂಪರೆ, ಲಾಭ ಹಂಚಿಕೊಳ್ಳಬೇಕು ಅನ್ನುವ 1979ರ ಚಂದ್ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. 2023ರ ಏಪ್ರಿಲ್‌ನಲ್ಲಿ ಬಂದ ಬಾಹ್ಯಾಕಾಶ ನೀತಿಯಲ್ಲಿ, ಕ್ಷುದ್ರಗ್ರಹದಿಂದಲೋ ಬೇರೆಡೆಯಿಂದಲೋ ಸಂಪನ್ಮೂಲ ತೆಗೆದ ಖಾಸಗಿಯವರು ಅದನ್ನು ಇಟ್ಟುಕೊಳ್ಳಬಹುದು, ಮಾರಬಹುದು ಅಂತಿದೆ. ಅದೇ ವರ್ಷ ಜೂನ್‌ನಲ್ಲಿ, ಚಂದ್ರನಲ್ಲಿ ಹೇಗೆ ಕೆಲಸ ಮಾಡಬೇಕು ಅನ್ನುವ ಅಮೆರಿಕ ಮುಂದಾಳತ್ವದ ಆರ್ಟೆಮಿಸ್ ಒಡಂಬಡಿಕೆಗೂ ಸಹಿ ಬಿತ್ತು. ನಿನ್ನ ಕಂಪನಿ ನಿಂತಿರುವುದು ಈ ನೆಲದ ಮೇಲೆ.

2020ರಲ್ಲಿ ನಾಸಾ ಚಂದ್ರನ ಮಣ್ಣು ಕೊಳ್ಳಲು ನಾಲ್ಕು ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತು. ಅದರಲ್ಲಿ ಒಬ್ಬರಿಗೆ ಕೊಡುವುದು ಒಂದೇ ಒಂದು ಡಾಲರ್. ನಿನ್ನ ಗೆಳೆಯರಿಗೆ ಅದು ತಮಾಷೆಯಾಗಿ ಕಂಡಿರಬಹುದು. ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಜೀವಮಾನ ಕಳೆದ ನನಗೆ ತಮಾಷೆ ಅನಿಸಲಿಲ್ಲ. ಕ್ರಯಪತ್ರದಲ್ಲಿ ಮೊತ್ತ ಎಷ್ಟು ಅನ್ನುವುದು ಆಮೇಲಿನ ಮಾತು. ಕ್ರಯ ಆಗಿದೆ ಅಂದರೆ ಮಾರಿದವನು ಒಡೆಯನಾಗಿದ್ದ ಅಂತ ಒಪ್ಪಿದ ಹಾಗೆ.

ಆರ್ಟೆಮಿಸ್‌ನಲ್ಲಿ 'ಸುರಕ್ಷತಾ ವಲಯ' ಅಂತ ಒಂದಿದೆ. ಒಬ್ಬರು ಕೆಲಸ ಮಾಡುವ ಜಾಗದ ಸುತ್ತ ಇನ್ನೊಬ್ಬರು ಹೇಳದೆ ಕೇಳದೆ ನುಗ್ಗಬಾರದು. ಇದಕ್ಕೆ ಕಾರಣ ಇಲ್ಲದೆ ಇಲ್ಲ. 1967ರಲ್ಲಿ ಇಳಿದ ಒಂದು ನೌಕೆಯ ಹೆಸರು ಸರ್ವೇಯರ್-3, ಆ ಹೆಸರಿನಿಂದಲೇ ನನಗೆ ಅದರ ಮೇಲೆ ಪ್ರೀತಿ. 1969ರಲ್ಲಿ ಅಪೊಲೊ-12 ಅದರಿಂದ ಇನ್ನೂರು ಮೀಟರಿನೊಳಗೆ ಇಳಿಯಿತು. ಗಾಳಿಯಿಲ್ಲದ ಕಡೆ ಎದ್ದ ಧೂಳು ತಡೆಯಿಲ್ಲದೆ ಹಾರಿ, ಪಾಪ ಸರ್ವೇಯರ್‌ನ ಮೈಯನ್ನು ಮರಳು ಕಾಗದದಲ್ಲಿ ಉಜ್ಜಿದಂತೆ ಮಾಡಿತ್ತು. ಭೀಮಸಮುದ್ರದ ಕಡೆ ಅದಿರು ಲಾರಿಗಳು ಓಡಿದ ಕಾಲದಲ್ಲಿ ಅಡಿಕೆ ಗರಿಯ ಮೇಲೆ ಕೂತ ಕೆಂಪು ಧೂಳು ನಿನಗೂ ನೆನಪಿರಬೇಕು. ಚಿಕ್ಕವಳಿದ್ದಾಗ ಬೆರಳಲ್ಲಿ ಅದರ ಮೇಲೆ ನಿನ್ನ ಹೆಸರು ಬರೆದಿದ್ದೆ. ಹಾಗಾಗಿ ಅಂತರ ಬೇಕು, ಒಪ್ಪುತ್ತೇನೆ. ಆದರೆ ಮೊದಲು ಮುಳ್ಳುಬೇಲಿ, ಆಮೇಲೆ ಕಲ್ಲುಕಂಬ, ಆಮೇಲೆ ಪಹಣಿಯಲ್ಲಿ ಹೆಸರು. ಹೀಗಾಗುವುದನ್ನು ನಾನು ಎಷ್ಟು ಸಲ ಕಣ್ಣಾರೆ ನೋಡಿಲ್ಲ! ನಮ್ಮಲ್ಲಿ ಅಪ್ಪಣೆ ಇಲ್ಲದೆ ಸರ್ಕಾರಿ ಜಮೀನು ಉಳುವುದನ್ನು ಬಗರ್ ಹುಕುಂ ಅಂತ ಕರೆದು, ಫಾರಂ 50, 53, 57 ತುಂಬಿಸಿಕೊಂಡು ಸಕ್ರಮ ಮಾಡಿದ್ದು ತುಂಡು ಭೂಮಿ ಇಲ್ಲದವನಿಗೆ ಒಂದು ಹೊಟ್ಟೆಪಾಡು ಆಗಲಿ ಅಂತ. ಚಂದ್ರನ ಮೇಲೆ ಮೊದಲು ಬೇಲಿ ಹಾಕುವವರು ಭೂಮಿಯ ಮೇಲಿನ ಅತಿ ಶ್ರೀಮಂತರು.

ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲಿ ನಿಯಮ ಬಿಗಿಯಾದದ್ದು ಗುಡ್ಡ ಕರಗಿದ ಮೇಲೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿಬಾಧಿತ ಜನರಿಗೆ ಪಾಲು ಕೊಡುವ ಜಿಲ್ಲಾ ಖನಿಜ ಪ್ರತಿಷ್ಠಾನ ಕಾನೂನಿಗೆ ಬಂದದ್ದು 2015ರಲ್ಲಿ. ಆಕಾಶದಲ್ಲಾದರೂ ಈ ಕ್ರಮ ತಿರುವುಮುರುವಾಗಲಿ, ಪಾಲಿನ ಮಾತು ಮೊದಲು ಬರಲಿ. ಆಗದ ಕೆಲಸವೇನಲ್ಲ. ಸಾಗರದಾಳದ ತಳಕ್ಕೆ ಅಂತರರಾಷ್ಟ್ರೀಯ ಪ್ರಾಧಿಕಾರವೊಂದು 1994ರಿಂದಲೇ ಇದೆ, ನಮ್ಮ ದೇಶವೂ ಅದರಿಂದ ಪರವಾನಗಿ ಪಡೆದಿದೆ. ಚಂದ್ರನ ವಿಷಯಕ್ಕೂ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯಲ್ಲಿ ಒಂದು ಕಾರ್ಯತಂಡ ಮಾಡಿದ್ದಾರೆ. ಮಹಜರಿಗೆ ಇನ್ನೂ ಸಹಿ ಬಿದ್ದಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಕೆಲಸ ಬಿಡು ಅನ್ನುತ್ತಿಲ್ಲ ಮಗಳೇ. ಆ ಯಂತ್ರದ ಕೈಯನ್ನು ಚೆನ್ನಾಗಿ ಮಾಡು. ಆದರೆ ನಿಮ್ಮ ಪ್ರಸ್ತಾವನೆಯಲ್ಲಿ ಎಲ್ಲಾದರೂ "ಯಾರ ಬಳಕೆಯಲ್ಲೂ ಇಲ್ಲದ ಸಂಪನ್ಮೂಲ" ಅನ್ನುವ ಸಾಲು ಕಂಡರೆ, ಅದರ ಕೆಳಗೆ ನಿನ್ನ ಸಹಿ ಬೀಳುವ ಮುಂಚೆ ಕೇಳು: ಎಷ್ಟು ತೆಗೀತೀವಿ, ಎಷ್ಟು ಉಳಿಸ್ತೀವಿ, ಯಾರಿಗೆ ಲೆಕ್ಕ ಒಪ್ಪಿಸ್ತೀವಿ? ಮೀಟಿಂಗಿನಲ್ಲಿ ನಿನ್ನೊಬ್ಬಳ ದನಿ ಚಿಕ್ಕದಾಗಿ ಕೇಳಬಹುದು. ನನಗೆ ಆ ವಯಸ್ಸಿನಲ್ಲಿ ಅಷ್ಟೂ ದನಿ ಏಳಲಿಲ್ಲ.

ಶ್ರಾವಣಕ್ಕೆ ರಜೆ ಹಾಕಿ ಬಾ. ಈ ಸಲ ಕೋಟೆ ಹತ್ತುವುದು ಬೇಡ, ಬೆಳಿಗ್ಗೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋಗೋಣ. ನಾನು ಅಳೆದ ಆ ಕಾವಲಿನಲ್ಲಿ ಗೋಡೆಯಾಚೆ ಇನ್ನೂ ಒಂದಿಷ್ಟು ಹುಲ್ಲು ಉಳಿದಿದೆ. ಆ ಅಜ್ಜ ಈಗಿಲ್ಲ, ಮೊಮ್ಮಗ ಕುರಿ ಹೊಡೆದುಕೊಂಡು ಬರುತ್ತಾನೆ. ಹಳೆಯ ಸರಪಳಿ ಅಟ್ಟದಿಂದ ಇಳಿಸಿ ಎಣ್ಣೆ ಹಚ್ಚಿಟ್ಟಿದ್ದೇನೆ. ಒಂದು ತುದಿ ನೀನು ಹಿಡಿ. ಎಲ್ಲೆಲ್ಲಿ ಯಾರ್ಯಾರ ಮಂದೆ ನಿಲ್ಲುತ್ತದೆ ಅಂತ ಆ ಹುಡುಗನನ್ನು ಕೇಳಿ ಬರೆದುಕೊಳ್ಳೋಣ.

ನಿನ್ನ
ಅಪ್ಪ