ಅರವಟ್ಟಿಗೆಯ ಗಡಿಗೆ ಮಧ್ಯಾಹ್ನ ಎರಡಕ್ಕೂ ತುಂಬಿರಲಿ

ಕಲಬುರಗಿ,
ಮಾರ್ಚ್ ಕೊನೆಯ ವಾರ

ಚಿರಂಜೀವಿ ಮಗನಿಗೆ,

ದೊಡ್ಡಪ್ಪನ ಆಶೀರ್ವಾದ. ಮೊನ್ನೆ ನೀನು ಫೋನ್ ಮಾಡಿದಾಗ ಮನೆ ತುಂಬಾ ಜನ ಇದ್ದರು. ಸರಿಯಾಗಿ ಮಾತಾಡಲು ಆಗಲಿಲ್ಲ. ಆಫೀಸಿನ ಗೆಳೆಯರೆಲ್ಲ ಸೇರಿ 60,000 ರೂಪಾಯಿ ಕೂಡಿಸಿದ್ದೀರಿ, ಬೇಸಿಗೆಗೆ ನಮ್ಮೂರಿಗೆ ಏನಾದರೂ ಮಾಡಬೇಕು ಅಂದೆ. ಕೇಳಿ ಎದೆ ತುಂಬಿ ಬಂತು. ಆದರೆ ಏನು ಮಾಡಬೇಕು ಅನ್ನುವುದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ಮನಸ್ಸು ಬರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಶರಣಬಸವೇಶ್ವರ ಜಾತ್ರೆ ಮುಗಿಯಿತು. ತೇರು ಎಳೆದ ಮೇಲೆ ಇಲ್ಲಿ ಬಿಸಿಲು ಹೇಗೆ ಏರುತ್ತದೆ ಅಂತ ನಿನಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಜಾತ್ರೆ ಮುಗಿದ ವಾರವೇ ಊರಿನ ಚೌಕಗಳಲ್ಲಿ ಅರವಟ್ಟಿಗೆಗಳು ಎದ್ದವು. ಬ್ಯಾನರ್, ಹಾರ, ಫೋಟೊ ಎಲ್ಲ ಆಯಿತು. ನಿನ್ನೆ ಮಧ್ಯಾಹ್ನ ಗಂಜ್ ಮಾರುಕಟ್ಟೆ ಕಡೆ ಹೋಗಿದ್ದೆ. ದಾರಿಯಲ್ಲಿ ಮೂರು ಅರವಟ್ಟಿಗೆ ನೋಡಿದೆ. ಎರಡರಲ್ಲಿ ನೀರೇ ಇರಲಿಲ್ಲ. ತೊಗರಿ ಚೀಲ ಹೊತ್ತು ಬಂದ ಒಬ್ಬ ಹಮಾಲ ಗಡಿಗೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಹೋದ. ಅವನ ಮುಖ ಇನ್ನೂ ಕಣ್ಣ ಮುಂದೆ ಇದೆ.

ಗಡಿಗೆ ಇಡುವುದು ಸುಲಭ. ಅರವತ್ತು ದಿನ ಅದನ್ನು ತುಂಬಿಸುವುದು ಕಷ್ಟ. ನಿಮ್ಮ ದುಡ್ಡು ಆ ಅರವತ್ತು ದಿನಕ್ಕೆ ಹೋಗಲಿ ಅನ್ನುವುದು ನನ್ನ ಆಸೆ.

ನನಗೆ ತೋಚಿದ ಲೆಕ್ಕ ಹೇಳುತ್ತೇನೆ. ಹಮಾಲರು, ಗೌಂಡಿ ಕೆಲಸದವರು, ಆಟೊದವರು ನಿಲ್ಲುವ ಒಂದೇ ಒಂದು ಜಾಗ ಹಿಡಿಯೋಣ. ಐದು ಕಡೆ ಇಟ್ಟು ಐದೂ ಒಣಗುವುದು ಬೇಡ. ಗಡಿಗೆ ಕಾಯಲು ಒಬ್ಬ ಹೆಣ್ಣುಮಗಳನ್ನು ಇಡೋಣ. ನಮ್ಮ ಓಣಿಯಲ್ಲೇ ಕೆಲಸ ಬೇಕಾದ ವಿಧವೆಯೊಬ್ಬಳಿದ್ದಾಳೆ. ನೆರಳಲ್ಲಿ ಕೂತು ಮಾಡುವ ಕೆಲಸ. ದಿನಕ್ಕೆ 250 ರೂಪಾಯಿ ಅಂದರೂ ಎರಡು ತಿಂಗಳಿಗೆ ಹದಿನೈದು ಸಾವಿರ ಚಿಲ್ಲರೆ. ದಾನದ ದುಡ್ಡಲ್ಲಿ ಕೂಲಿ ಯಾಕೆ ಅಂತ ನಿನ್ನ ಗೆಳೆಯರು ಕೇಳಬಹುದು. ಸುಮ್ನೆ ಯಾರೋ ಬಂದು ತುಂಬಿಸುತ್ತಾರೆ ಅಂತ ಬಿಟ್ಟ ಗಡಿಗೆಗಳ ಗತಿಯನ್ನೇ ನಾನು ನಿನ್ನೆ ನೋಡಿದ್ದು. ಆ ಕೂಲಿಯೂ ಒಂದು ಮನೆಯ ಒಲೆಗೇ ಹೋಗುತ್ತದೆ, ಅಲ್ವಾ?

ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಿಸೋಣ. ಗಾಡಿ ಬಾಡಿಗೆ ಸೇರಿ ಒಂಬತ್ತು ಸಾವಿರದೊಳಗೆ ಆಗುತ್ತದೆ ಅಂದುಕೊಂಡಿದ್ದೇನೆ. ಗಡಿಗೆ ಮಣ್ಣಿನದೇ ಇರಲಿ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಆಗ ಒಳಗಿನ ನೀರು ತಣ್ಣಗಾಗುತ್ತದೆ. ನಮ್ಮ ಒಣ ಗಾಳಿಯಲ್ಲಿ ಇದು ಬಲು ಚೆನ್ನಾಗಿ ಆಗುತ್ತದೆ. ಮಂಗಳೂರಿನ ಕಡೆ ಗಾಳಿಯಲ್ಲೇ ನೀರು ತುಂಬಿರುವುದರಿಂದ ಅಲ್ಲಿ ಗಡಿಗೆ ಇಷ್ಟು ತಂಪು ಕೊಡುವುದಿಲ್ಲ. ಒಂದು ಮಾತು ಮಾತ್ರ ನೆನಪಿಡು. ಗ್ಲಾಸನ್ನು ಗಡಿಗೆಯೊಳಗೆ ಮುಳುಗಿಸಲು ಬಿಡಬಾರದು. ನಲ್ಲಿ ಇರುವ ಗಡಿಗೆ ತರಬೇಕು, ಇಲ್ಲವೇ ಉದ್ದ ಹಿಡಿಯ ಸೌಟು ಇಡಬೇಕು. ದಿನಾ ಬೆಳಗ್ಗೆ ತಿಕ್ಕಿ ತೊಳೆಯಬೇಕು. ಬೇಸಿಗೆಯಲ್ಲಿ ವಾಂತಿ ಭೇದಿ ಹರಡುವುದು ಹೆಚ್ಚಾಗಿ ನೀರಿನಿಂದ. ನೌಕರಿಯಲ್ಲಿದ್ದಾಗ ಇದನ್ನು ಹಳ್ಳಿ ಹಳ್ಳಿಯಲ್ಲಿ ಕಂಡಿದ್ದೇನೆ. ನೀರಿನ ಬಗ್ಗೆ ಅನುಮಾನ ಬಂದರೆ ಆಶಾ ಕಾರ್ಯಕರ್ತೆಯ ಹತ್ತಿರ ಕ್ಲೋರಿನ್ ಗುಳಿಗೆ ಕೇಳೋಣ. ಅದನ್ನು ಬರೆದ ಅಳತೆಯಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ಇನ್ನು ನಾನು ಯಾರಿಗೂ ಬಿಡಿಸಿ ಹೇಳದ ಒಂದು ವಿಷಯ. ನೀನು ಆಗ ಸಣ್ಣವನು. ಆ ಬೇಸಿಗೆಯಲ್ಲಿ ನಾವು ಐದಾರು ಜನ ಸೇರಿ ದೊಡ್ಡ ರಸ್ತೆಯಲ್ಲಿ ಅರವಟ್ಟಿಗೆ ನಡೆಸಿದ್ದೆವು. ನಾನು ದಿನಾ ಎರಡು ಹೊತ್ತು ಹೋಗಿ ನೀರು ತುಂಬಿಸಿ ಬರುತ್ತಿದ್ದೆ. ನಮ್ಮ ಮನೆಯಿಂದ ಮೂರನೇ ಮನೆಯ ಮುತ್ತ್ಯಾ ನಿನಗೆ ನೆನಪಿರಬಹುದು. ಮಗ ಮುಂಬೈಗೆ ದುಡಿಯಲು ಹೋಗಿದ್ದ. ಮುತ್ತ್ಯಾ ಒಬ್ಬರೇ ಮೇಲಿನ ಪತ್ರಾಸಿನ, ಅಂದರೆ ತಗಡಿನ, ಕೋಣೆಯಲ್ಲಿ ಇರುತ್ತಿದ್ದರು. ಒಂದು ದಿನ ಮಧ್ಯಾಹ್ನ ಪಕ್ಕದ ಮನೆಯವರು ಓಡಿ ಬಂದು, ಮುತ್ತ್ಯಾ ಏನೇನೋ ಬಡಬಡಿಸುತ್ತಿದ್ದಾರೆ ಅಂದರು. ಯಾರೋ ಗಾಳಿ ಸೋಕಿದೆ ಅಂದರು. ನಾನು ಹೋಗಿ ಮೈ ಮುಟ್ಟಿದೆ. ಕಾದ ಹೆಂಚಿನ ಹಾಗಿತ್ತು. ಬೆವರೇ ಇಲ್ಲ. ನೀರು ಸುರಿದೆವು, ಆಸ್ಪತ್ರೆಗೆ ಒಯ್ದೆವು. ಎರಡನೇ ದಿನ ಹೋಗಿಬಿಟ್ಟರು. ಹಿಂದಿನ ಎರಡು ದಿನ ಅವರು ಕೆಳಗೆ ಇಳಿದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನಾನು ಆ ಎರಡೂ ದಿನ ಅವರ ಮನೆಯ ಮುಂದೆಯೇ ಕ್ಯಾನ್ ಹೊತ್ತುಕೊಂಡು ಹೋಗಿದ್ದೆ. ಒಮ್ಮೆಯೂ ತಲೆ ಎತ್ತಿ ಕರೆಯಲಿಲ್ಲ.

ಅದಕ್ಕೇ ಹೇಳುತ್ತೇನೆ, ದುಡ್ಡು ಬಿಚ್ಚುವುದಕ್ಕೆ ಮುಂಚೆ ಓಣಿಯನ್ನು ಒಮ್ಮೆ ನೋಡೋಣ. ಒಂಟಿಯಾಗಿರುವ ಮುದುಕರು ಯಾರು, ಹಾಸಿಗೆ ಹಿಡಿದವರು ಯಾರು, ತಗಡಿನ ಕೆಳಗೆ ಕೂಸು ಇಟ್ಟುಕೊಂಡವರು ಯಾರು. ಒಂದು ಹಾಳೆಯಲ್ಲಿ ಬರೆದರೆ ಹದಿನೈದು ಮನೆ ಆಗಬಹುದು. ಮಧ್ಯಾಹ್ನ ಊಟವಾದ ಮೇಲೆ ಒಬ್ಬರು ಹೋಗಿ ಬಾಗಿಲು ಬಡಿದು, ನೀರು ಕುಡಿದಿರಾ ಅಂತ ಕೇಳಿ ಬರಬೇಕು. ಇದಕ್ಕೆ ಒಂದು ರೂಪಾಯಿಯೂ ಬೇಡ. ನಾನು ಐದು ಮನೆ ನೋಡುತ್ತೇನೆ. ನಿನ್ನ ದೊಡ್ಡವ್ವ ಐದು ನೋಡುತ್ತಾಳೆ. ಉಳಿದ ಐದಕ್ಕೆ ಕಾಲೇಜು ಹುಡುಗರು ಸಿಗುತ್ತಾರೆ.

ಆ ಮನೆಗಳ ತಗಡಿಗೆ ಸುಣ್ಣ ಬಳಿಸೋಣ. ನಿಮ್ಮ ದುಡ್ಡಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಖರ್ಚು ಇದು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಕೋಣೆಯೊಳಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅಷ್ಟೇನಾ ಅನ್ನಬೇಡ. ಮುದುಕರಿಗೆ ರಾತ್ರಿ ನಿದ್ದೆ ಬರುವುದೋ ಬಾರದೋ ಅನ್ನುವುದು ಆ ಎರಡು ಡಿಗ್ರಿಯಲ್ಲೇ ಇರುತ್ತದೆ. ಪಕ್ಕದ ತೆಲಂಗಾಣದಲ್ಲಿ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ಸರ್ಕಾರ ಒಂದು ನೀತಿ ತಂದಿದೆ. ನಮಗೆ ಅಷ್ಟೆಲ್ಲ ಬೇಡ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಸಲ ಬಳಿದರೆ ಈ ಬೇಸಿಗೆ ಕಳೆಯುತ್ತದೆ. ಮಳೆಗೆ ತೊಳೆದು ಹೋದರೆ ಮುಂದಿನ ವರ್ಷ ಮತ್ತೆ ಬಳಿಯೋಣ. ಫರಸಿ ಕಲ್ಲು ಹಾಸಿದ ನಮ್ಮ ಮಾಳಿಗೆಗೂ ಬಳಿಸಬೇಕು. ಶಹಾಬಾದ್ ಕಲ್ಲು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಉಗುಳುತ್ತದೆ.

ಉಳಿದ ದುಡ್ಡಲ್ಲಿ ಕಟ್ಟಡ ಕೆಲಸದವರ ಮಕ್ಕಳಿಗೆ ಚಪ್ಪಲಿ ಕೊಡಿಸು. ಡಾಂಬರಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಓಡುವ ಆ ಮಕ್ಕಳನ್ನು ನೋಡಲು ಆಗುವುದಿಲ್ಲ. ಓಆರ್‌ಎಸ್ ಪೊಟ್ಟಣಕ್ಕೆ ದುಡ್ಡು ಹಾಕಬೇಡ. ಅಂಗನವಾಡಿ, ಆಶಾ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಜನಕ್ಕೆ ಗೊತ್ತಿರುವುದಿಲ್ಲ, ಅಷ್ಟೇ. ಇಂದಿರಾ ಕ್ಯಾಂಟೀನ್ ಇರುವ ಕಡೆ ಮತ್ತೊಂದು ಅನ್ನದಾನದ ಪೆಂಡಾಲ್ ಹಾಕುವುದೂ ಬೇಡ. ಇದ್ದದ್ದನ್ನು ಜನಕ್ಕೆ ತೋರಿಸಿಕೊಡುವುದೂ ಒಂದು ದಾನವೇ ಅಂತ ನಾನು ತಿಳಿದಿದ್ದೇನೆ.

ನಿನ್ನ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಬಂದ ಮಗುವಿನ ಫೋಟೊ ನೋಡಿ 5,000 ಕಳಿಸಿದ, ಆಮೇಲೆ ಅದು ಸುಳ್ಳು ಅಂತ ಗೊತ್ತಾಯಿತು ಅಂದೆಯಲ್ಲ. ಅವನು ಅದಕ್ಕೆ ಕೈ ಹಿಂದೆಗೆಯದಿರಲಿ. ಮುಂದಿನ ಸಲ ಆಸ್ಪತ್ರೆಗೆ ತಾನೇ ಫೋನ್ ಮಾಡಿ ಕೇಳಲಿ. ದುಡ್ಡನ್ನು ಆಸ್ಪತ್ರೆಯ ಖಾತೆಗೇ ಹಾಕಲಿ, ರಸೀದಿ ತೆಗೆದುಕೊಳ್ಳಲಿ. ತೆರಿಗೆ ರಿಯಾಯಿತಿ ಬೇಕು ಅನ್ನುವವರಿಗೆ ಹೇಳು, 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದು ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ದುಡ್ಡಿಲ್ಲದೆ ಕೊಡುವಂಥದ್ದು ಇನ್ನೊಂದಿದೆ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ. ರಕ್ತದಾನ ಶಿಬಿರಗಳು ನಡೆಯುವುದಿಲ್ಲ. ರಕ್ತ ನಿಧಿಗಳು ಬರಿದಾಗುತ್ತವೆ. ಹೆರಿಗೆ, ಅಪಘಾತ ಮಾತ್ರ ನಿಲ್ಲುವುದಿಲ್ಲ. 18 ವರ್ಷ ತುಂಬಿ 45 ಕಿಲೊ ತೂಕ ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ನೀವೆಲ್ಲ ಒಂದೇ ದಿನ ಹೋಗಬೇಡಿ. ರಕ್ತವನ್ನು ಐದಾರು ವಾರಕ್ಕಿಂತ ಹೆಚ್ಚು ಇಡಲು ಆಗುವುದಿಲ್ಲ. ಇಬ್ಬಿಬ್ಬರಂತೆ ವಾರ ವಾರ ಹೋಗಿ. ಬೆಳಗಿನ ಹೊತ್ತು, ಹೊಟ್ಟೆಗೆ ತಿಂದು, ಚೆನ್ನಾಗಿ ನೀರು ಕುಡಿದು ಹೋಗಿ.

ಈಗ ನಿಮ್ಮ ಮನೆಯ ವಿಷಯ. ಏಪ್ರಿಲ್‌ನಲ್ಲಿ ಸೊಸೆ, ಕೂಸು ಎಲ್ಲ ಬರುತ್ತೀರಿ. ಕೂಸಿಗೆ ಆಗ ನಾಲ್ಕು ತಿಂಗಳು. ಇಲ್ಲಿ ಬಂದವರೆಲ್ಲ ಬಿಸಿಲಿಗೆ ಬಾಯಿ ಒಣಗುತ್ತದೆ, ಒಂದು ಚಮಚ ಸಕ್ಕರೆ ನೀರು ಹಾಕು ಅನ್ನುತ್ತಾರೆ. ಹಾಕಬೇಡಿ. ಆರು ತಿಂಗಳವರೆಗೆ ತಾಯಿಯ ಹಾಲು ಒಂದೇ ಸಾಕು, ಬೇಸಿಗೆಯಲ್ಲೂ ಸಾಕು. ಆ ಹಾಲಿನಲ್ಲೇ ನೀರು ಇರುತ್ತದೆ. ಪದೇ ಪದೇ ಕುಡಿಸಬೇಕು, ತಾಯಿ ಚೆನ್ನಾಗಿ ನೀರು ಮಜ್ಜಿಗೆ ಕುಡಿಯಬೇಕು. ಹಿರಿಯರ ಮಾತು ಮೀರಲು ಸೊಸೆಗೆ ಸಂಕೋಚ ಆದರೆ, ದೊಡ್ಡ ಮಾವ ಬೇಡ ಅಂದಿದ್ದಾರೆ ಅಂತ ನನ್ನ ಹೆಸರು ಹೇಳಲಿ.

ಬೆಂಗಳೂರಿನಲ್ಲಿ ಬೆವರು ಬಂದರೆ ನಿಮಗೆ ಗೊತ್ತಾಗುತ್ತದೆ. ಇಲ್ಲಿ ಬೆವರು ಬಂದದ್ದೇ ಆರಿ ಹೋಗುತ್ತದೆ. ಗಡಿಗೆಯ ತಣ್ಣೀರಿಗೆ ಕಾರಣವಾದ ಆ ಒಣ ಗಾಳಿಯೇ ನಮ್ಮ ಮೈಯ ನೀರನ್ನೂ ಎಳೆಯುತ್ತದೆ. ಬಾಯಾರುವವರೆಗೂ ಕಾಯಬೇಡಿ. ಮೂತ್ರ ಕಡು ಹಳದಿಯಾದರೆ ನೀರು ಕಡಿಮೆಯಾಗಿದೆ ಅಂತಲೇ ತಿಳಿಯಿರಿ. ಮಜ್ಜಿಗೆ, ಜೋಳದ ಅಂಬಲಿ, ಬೆಲ್ಲದ ಪಾನಕ ಮನೆಯಲ್ಲೇ ಇರುತ್ತದೆ. ಓಆರ್‌ಎಸ್ ಪೊಟ್ಟಣ ಇಲ್ಲದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಸಣ್ಣ ಚಮಚ ಸಕ್ಕರೆ, ಅದೇ ಸಣ್ಣ ಚಮಚದಲ್ಲಿ ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ನಿನ್ನ ಅಪ್ಪನ ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇದೆಯಾ ಅಂತ ಬರುವ ಮುಂಚೆಯೇ ಡಾಕ್ಟರನ್ನು ಕೇಳು. ತಾನಾಗಿ ಗುಳಿಗೆ ಬಿಡಬಾರದು.

ಯಾರಾದರೂ ಬಿಸಿಲಿಗೆ ತಲೆ ಸುತ್ತಿ ಕೂತರೆ ನೆರಳು, ನೀರು, ಗಾಳಿ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ಮಾತು ತೊದಲಿದರೆ, ಬಡಬಡಿಸಿದರೆ, ಎಚ್ಚರ ತಪ್ಪಿದರೆ ಅದು ಬೇರೆ. ತಕ್ಷಣ 108ಕ್ಕೆ ಫೋನ್ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ನಿಲ್ಲಬಾರದು. ಬಟ್ಟೆ ಸಡಿಲಿಸಿ ಮೈ ತುಂಬಾ ನೀರು ಹಾಕಿ ಗಾಳಿ ಬೀಸಬೇಕು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಬೇಕು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಮುತ್ತ್ಯಾನ ವಿಷಯದಲ್ಲಿ ಗಾಳಿ ಸೋಕಿದೆ ಅಂತ ಮಾತಾಡುತ್ತಾ ಕಳೆದ ಹೊತ್ತು ದೊಡ್ಡದು.

ಅಕ್ಕನ ಮಗನೂ ಜೊತೆಗೆ ಬರುತ್ತಾನಂತೆ. ಹನ್ನೆರಡು ವರ್ಷದ ಹುಡುಗ, ಈಜಬೇಕು ಅನ್ನುತ್ತಾನೆ. ಚಿತ್ತಾಪುರ, ಶಹಾಬಾದ್ ಕಡೆ ಕಲ್ಲು ತೆಗೆದು ಬಿಟ್ಟ ಹೊಂಡಗಳಿಗೆ ಮಾತ್ರ ಬಿಡಬೇಡ. ಮೇಲೆ ನೀರು ತಿಳಿಯಾಗಿ ಕಾಣುತ್ತದೆ. ಅಂಚು ಗೋಡೆಯ ಹಾಗೆ ನೇರ ಇರುತ್ತದೆ, ಹತ್ತಲು ಹಿಡಿತವೇ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ಹಾಗೇ, ಕಾಲು ಜಾರುತ್ತದೆ. ಒಬ್ಬ ಮುಳುಗಿದರೆ ಉಳಿಸಲು ಇನ್ನೊಬ್ಬ ಹಾರುತ್ತಾನೆ, ಇಬ್ಬರೂ ಹೋಗುತ್ತಾರೆ. ಹಗ್ಗ, ಖಾಲಿ ಕ್ಯಾನ್, ಸೀರೆ ಏನಾದರೂ ಎಸೆಯಬೇಕು, ಹಾರಬಾರದು ಅಂತ ಅವನಿಗೆ ಈಗಲೇ ಕಲಿಸು. ಹೊತ್ತು ಕಳೆಯಲು ಹಳ್ಳಿಯಲ್ಲಿ ಅರಿವು ಕೇಂದ್ರ ಅನ್ನುವ ಪಂಚಾಯಿತಿ ಗ್ರಂಥಾಲಯ ಇದೆ. ಪುಸ್ತಕ ಇವೆ, ಮೇಲೆ ಫ್ಯಾನ್ ಇದೆ. ನಾನೇ ಕರೆದುಕೊಂಡು ಹೋಗುತ್ತೇನೆ.

ಬೆಳಗ್ಗೆ ಇಲ್ಲಿ ಇಳಿಯುವ ರೈಲಿಗೇ ಟಿಕೆಟ್ ಮಾಡು. ಅರವಟ್ಟಿಗೆಯ ಜಾಗಕ್ಕೆ ಪಾಲಿಕೆಯಲ್ಲಿ ಒಂದು ಮಾತು ಕೇಳಬೇಕು. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತವೆ. ಮಧ್ಯಾಹ್ನ ಬಂದರೆ ಆ ದಿನ ಹೋಯಿತು.

ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ತಮ್ಮ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕಾಳು ತಿನ್ನಲು ಬಿಟ್ಟು ಕುಡಿಯಲು ನೀರೂ ಇಟ್ಟರು ಅಂತ ನಿನ್ನ ಅಜ್ಜಿ ಹೇಳುತ್ತಿದ್ದಳು. ಅವಳು ಇಡುತ್ತಿದ್ದ ಮಣ್ಣಿನ ತಟ್ಟೆ ಮಾಳಿಗೆಯ ಮೇಲೆ ಇನ್ನೂ ಇದೆ. ನಿನ್ನೆ ತೊಳೆದು ನೀರು ಹಾಕಿದೆ. ಸಂಜೆ ಎರಡು ಗುಬ್ಬಿ ಬಂದಿದ್ದವು.

ಕುಂಬಾರರ ಓಣಿಯಲ್ಲಿ ಎರಡು ನಲ್ಲಿ ಗಡಿಗೆಗೆ ಹೇಳಿ ಬಂದಿದ್ದೇನೆ. ಮುಂಗಡ ನಾನು ಕೊಟ್ಟಿದ್ದೇನೆ, ಅದನ್ನು ನನ್ನ ಲೆಕ್ಕಕ್ಕೇ ಇರಲು ಬಿಡು. ಸುಣ್ಣವನ್ನು ನೀನು ಬರುವ ಹಿಂದಿನ ದಿನ ನೆನೆ ಹಾಕುತ್ತೇನೆ. ಮೊದಲು ಬಳಿಯುವುದು ಮೂರನೇ ಮನೆಯ ಆ ಮೇಲಿನ ಕೋಣೆಗೆ. ಈಗ ಅಲ್ಲಿ ರಾಯಚೂರು ಕಡೆಯಿಂದ ಬಂದ ಗಂಡ ಹೆಂಡತಿ, ಎರಡು ಸಣ್ಣ ಮಕ್ಕಳು ಇದ್ದಾರೆ.

ಇತಿ ನಿನ್ನ
ದೊಡ್ಡಪ್ಪ