ಇಂಡುವಾಳು ಹತ್ತಿರ ಸಿಕ್ಕ ಅಣ್ಣನಿಗೆ

ಕಳೆದ ಶನಿವಾರ ಸಂಜೆ ಮಂಡ್ಯ ದಾಟಿ ಇಂಡುವಾಳು ಹತ್ತಿರ ಬರುವಾಗ ಜೋರು ಮಳೆ ಹಿಡಿದುಕೊಂಡಿತು. ಅದೇ ಹೊತ್ತಿಗೆ ನನ್ನ ಹಳೇ ಡೀಸೆಲ್ ಕಾರಿನ ವೈಪರ್ ಮತ್ತೆ ನಿಂತೇ ಹೋಯಿತು. ಇಂಜಿನ್ ಮಾತ್ರ ಏನೂ ಆಗದ ಹಾಗೆ ಗುಡುಗುಡು ಅನ್ನುತ್ತಲೇ ಇತ್ತು. ಡೀಸೆಲ್ ಹೊತ್ತಿಕೊಳ್ಳೋಕೆ ಪೆಟ್ರೋಲ್ ಹಾಗೆ ಕರೆಂಟಿನ ಕಿಡಿ ಬೇಡ ಅಲ್ವಾ!

ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಬೈಕ್ ನಿಲ್ಲಿಸಿ ಮಳೆಗೆ ನಿಂತಿದ್ದ ನೀವು ಬಂದು, "ಫ್ಯೂಸ್ ಪೆಟ್ಟಿಗೆ ತೆಗೀರಿ ಸಾರ್" ಅಂದಿರಿ. ಬಂದೂಕಿನ ಗುಂಡಿನ ಆಕಾರದ ಹಳೇ ಫ್ಯೂಸುಗಳು. ಒಂದೂ ಸುಟ್ಟಿರಲಿಲ್ಲ. ನೀವು ಒಂದನ್ನು ಕಿತ್ತು ಮೊಬೈಲ್ ಬೆಳಕಿಗೆ ಹಿಡಿದಿರಿ. ಅಲ್ಯೂಮಿನಿಯಂ ಪಟ್ಟಿಯ ತುದಿಯಲ್ಲಿ ಬೂದಿ ಬಣ್ಣದ ಪುಡಿ. ಕರೆಂಟ್ ತಡೆಯುತ್ತಿದ್ದದ್ದು ಅದೇ. ಮತ್ತೆ ಕೂರಿಸಿ ಬೆರಳಲ್ಲಿ ತಿರುಗಿಸಿದಿರಿ, ವೈಪರ್ ಓಡಿತು! ಮೋಟರ್ ಬದಲಿಸಬೇಕು ಅಂತ ಆರು ತಿಂಗಳಿಂದ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ನೀವು ಹೇಳಿದ ಹಾಗೇ ಮೈಸೂರಲ್ಲಿ ಹುಡುಕಿ ತಾಮ್ರದ ಪಟ್ಟಿಯ ಫ್ಯೂಸುಗಳನ್ನು ತಂದೆ. ಬ್ಯಾಟರಿ ವೈರ್ ಕಳಚಿ, ಫ್ಯೂಸ್ ಹಿಡಿಯುವ ಕ್ಲಿಪ್‌ಗಳನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದೆ. ಬಿಳಿ ಫ್ಯೂಸ್ ಇದ್ದಲ್ಲಿ 8 ಆಂಪ್ (ಆಂಪಿಯರ್, ಕರೆಂಟಿನ ಅಳತೆ), ಕೆಂಪು ಇದ್ದಲ್ಲಿ 16. ಜಾಸ್ತಿ ಆಂಪ್ ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತೆ ಅಂದಿದ್ದಿರಲ್ಲ, ನೆನಪಿತ್ತು.

ಟೀ ದುಡ್ಡೂ ನೀವೇ ಕೊಟ್ಟು ಹೋದಿರಿ. ಹೆಸರು ಕೇಳುವುದೇ ಮರೆತೆ. ತುಂಬಾ ಥ್ಯಾಂಕ್ಸ್ ಅಣ್ಣ.