ಪ್ಲಗ್ ಬದಲಿಸಿದ್ದು ನಾನೇ

ಕಟಪಾಡಿ
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಂದ್ರಾಳಿ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ನೀನು ಅಮ್ಮನಿಗೆ ಕೈ ಬೀಸಿದೆ. ನನ್ನತ್ತ ಒಮ್ಮೆ ನೋಡಿ, "ಮಳೆ ಬರುತ್ತದೆ, ಹೊರಡಿ" ಎಂದೆ. ಅದಾಗಿ ಇಂದಿಗೆ ಹನ್ನೊಂದು ದಿನ. ಪುಣೆಯ ರೂಮಿನ ನಲ್ಲಿ ನೀರಿನಿಂದ ಹಿಡಿದು ಕ್ಯಾಂಟೀನಿನ ಅನ್ನದವರೆಗೆ ಅಮ್ಮನಿಗೆ ಎಲ್ಲವೂ ವರದಿಯಾಗುತ್ತದೆ. ಫೋನು ನನ್ನ ಕೈಗೆ ಬಂದ ಕೂಡಲೇ ಸಿಗ್ನಲ್ ಹೋಗುತ್ತದೆ. ಅಲ್ಲಿನ ಟವರಿಗೂ ನನ್ನ ಮೇಲೆ ಸಿಟ್ಟಿರುವ ಹಾಗಿದೆ.

ಮೊದಲು ತಪ್ಪೊಪ್ಪಿಗೆ ಆಗಿಬಿಡಲಿ. ಹೊರಡುವ ಹಿಂದಿನ ದಿನ ನೀನೇ ಕಟ್ಟಿದ ಪಟ್ಟಿಯ ಗಾಡಿ ಸ್ಟಾರ್ಟ್ ಆಗದೆ ನೀನು ಹಟ್ಟಿಯಲ್ಲಿ ಮೂರು ಗಂಟೆ ಒದ್ದಾಡಿದೆಯಲ್ಲ, ಅದು ನನ್ನ ಕೆಲಸ. ನೀನು ಸ್ನಾನಕ್ಕೆ ಹೋದಾಗ ಒಳ್ಳೆಯ ಪ್ಲಗ್ ಬಿಚ್ಚಿ, ನನ್ನ ಹಳೆಯ ಟೂಲ್ಸ್ ಡಬ್ಬಿಯಲ್ಲಿದ್ದ ಕೆಟ್ಟ ಪ್ಲಗ್ ಹಾಕಿದೆ. ಪೂರ್ತಿ ಸತ್ತದ್ದನ್ನು ಹಾಕಿದ್ದರೆ ನೀನು ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದೆ. ಇದು ಬೇರೆ ಜಾತಿಯದು. ಹೊರಗೆ ತೆಗೆದು ಎಂಜಿನ್ನಿನ ಮೈಗೆ ತಾಗಿಸಿ ಹಿಡಿದರೆ ಕಿಡಿ ಚೆನ್ನಾಗಿಯೇ ಬೀಳುತ್ತದೆ, ಒಳಗೆ ಕೂತು ಒತ್ತಡ ಬಿದ್ದರೆ ಕಿಡಿ ಮಾಯ. ಇಪ್ಪತ್ತೆರಡು ವರ್ಷ ರಿಕ್ಷಾ ಓಡಿಸಿದವನ ಡಬ್ಬಿಯಲ್ಲಿ ಇಂಥದ್ದು ಒಂದಾದರೂ ಇರುತ್ತದೆ. ನೀನು ಕಿಡಿ ನೋಡಿದೆ, ಪ್ಲಗ್ ಸರಿಯಿದೆ ಎಂದುಕೊಂಡೆ, ಕಾರ್ಬುರೇಟರ್ ಬಿಚ್ಚಿದೆ, ಜೆಟ್ ಊದಿದೆ, ಪೆಟ್ರೋಲ್ ಪೈಪನ್ನೇ ಬದಲಿಸಿದೆ. ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕುಳಿತಿದ್ದೆ. ಮೂರು ಗಂಟೆಯೂ ಅದೇ ಪುಟ.

ಗಾಡಿಯ ಕಥೆಯನ್ನು ನಿನಗೇ ಹೇಳುವುದರಲ್ಲಿ ಅರ್ಥವಿಲ್ಲ. ರಿಕ್ಷಾ ಗುಜರಿಗೆ ಹೋದ ದಿನ, ಅದರ ಎಂಜಿನ್ನನ್ನು ನೀನು ಹಟ್ಟಿಗೆ ಎಳೆದುಕೊಂಡು ಬಂದದ್ದು, ಎರಡು ಮಳೆಗಾಲ, ಅಮ್ಮನ ಬೈಗುಳ, ಎಲ್ಲವೂ ಇಬ್ಬರಿಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. "ಚಕ್ರಕ್ಕೆ ಪಟ್ಟಿ ಸುತ್ತಿದರೆ ಟ್ಯಾಂಕ್ ಆಗುತ್ತದೆಯೇ" ಎಂದು ನಿನ್ನ ಮುಂದೆ ನಗುತ್ತಿದ್ದವನು, ರಿಕ್ಷಾ ಸ್ಟ್ಯಾಂಡಿನಲ್ಲಿ ಅದೇ ಟ್ಯಾಂಕಿನ ವಕೀಲನಾಗಿದ್ದೆ. ಸ್ಟೇರಿಂಗ್ ಇಲ್ಲದೆ ತಿರುಗುವುದು ಹೇಗೆ ಎಂದು ಅವರು ಕೇಳಿದರೆ, ನೆಲದ ಮೇಲೆ ಕಡ್ಡಿಯಿಂದ ಗೀಚಿ ಹೇಳುತ್ತಿದ್ದೆ: ರಿಕ್ಷಾದ ಡಿಫರೆನ್ಷಿಯಲ್ಲನ್ನೇ, ಅಂದರೆ ಎರಡು ಚಕ್ರಗಳಿಗೆ ಓಟ ಹಂಚುವ ಗೇರನ್ನೇ, ಇಟ್ಟುಕೊಂಡಿದ್ದಾಳೆ, ಎಡಕ್ಕೂ ಬಲಕ್ಕೂ ಬ್ರೇಕ್ ಬೇರೆ ಬೇರೆ ಮಾಡಿ ಕೈಗೆ ಎರಡು ಲಿವರ್ ಕೊಟ್ಟಿದ್ದಾಳೆ, ಎಡದ್ದನ್ನು ಹಿಡಿದು ನಿಲ್ಲಿಸಿದರೆ ಬಲದ್ದು ದುಪ್ಪಟ್ಟು ಓಡುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಇಪ್ಪತ್ತೆರಡು ವರ್ಷ ಆ ಡಿಫರೆನ್ಷಿಯಲ್ ನನ್ನ ಬೆನ್ನ ಹಿಂದೆಯೇ ತಿರುಗುತ್ತಿತ್ತು. ಇಷ್ಟು ವಿದ್ಯೆ ಅದರೊಳಗೆ ಇದೆಯೆಂದು ನನಗೆ ಹೊಳೆದಿರಲಿಲ್ಲ.

ಕ್ಯಾಲೆಂಡರಿನ ಹಿಂದೆ ನೀನು ಮಾಡಿದ ಲೆಕ್ಕ ಈಗಲೂ ನನ್ನ ಕಪಾಟಿನಲ್ಲಿದೆ. ಗಾಡಿ 340 ಕಿಲೋ, ನೀನು 52. ಇಪ್ಪತ್ತು ಸೆಂಟಿಮೀಟರ್ ಅಗಲದ ಎರಡು ಪಟ್ಟಿ, ನೆಲಕ್ಕೆ ತಾಗುವುದು ತಲಾ 125 ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ ಬೀಳುವ ಭಾರ ಎಂಬತ್ತು ಗ್ರಾಂ ಕೂಡ ಇಲ್ಲ. "ಅಪ್ಪ, ಗದ್ದೆಯಲ್ಲಿ ನೀನು ಸುಮ್ಮನೆ ನಿಂತರೂ ಇದರ ದುಪ್ಪಟ್ಟು ಹೂತು ಹೋಗುತ್ತೀ" ಎಂದೆ. ದುಪ್ಪಟ್ಟು ಭಾರ ಬಿದ್ದರೆ ದುಪ್ಪಟ್ಟೇ ಹೂಳಬೇಕೆಂದಿಲ್ಲ ಎಂದು ನಾನು ವಾದಿಸಿದೆ. ಸೋಲಬಾರದೆಂದು ವಾದಿಸಿದೆ, ಅಷ್ಟೇ. ಆ ರಾತ್ರಿ ಊಟಕ್ಕೆ ಕುಳಿತಾಗ ನೀನು ಬೆಂಜಮಿನ್ ಹೋಲ್ಟನ ಕಥೆ ಹೇಳಿದೆ. 1904ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಬಳಿ, ಟ್ರಾಕ್ಟರಿನ ಚಕ್ರ ಹೂತುಹೋಗುವ ಮೆತ್ತನೆಯ ನೆಲಕ್ಕೆಂದು ಚಕ್ರ ಕಿತ್ತು ಮರದ ಹಲಗೆಗಳ ಪಟ್ಟಿ ಹಾಕಿದನಂತೆ. ಅಂದರೆ ಬೈಲು ಗದ್ದೆಯವರ ಕಷ್ಟ ಅಮೆರಿಕದವರಿಗೂ ಇತ್ತು ಎಂದು ಅಮ್ಮ ಸಾರು ಬಡಿಸುತ್ತಾ ಹೇಳಿದಳು.

ಪಟ್ಟಿಯ ವಿಷಯ ಬಂದಾಗ ಮಾತ್ರ ನಾನು ಹೆಮ್ಮೆಪಡಲು ನಾಚಿಕೊಳ್ಳುವುದಿಲ್ಲ, ಏಕೆಂದರೆ ಅದರಲ್ಲಿ ನನ್ನ ಕೈಯೂ ಇದೆ. ಗುಜರಿಯಿಂದ ತಂದ ಕನ್ವೇಯರ್ ಬೆಲ್ಟನ್ನು ಸೋಪಿನ ನೀರು ಹಾಕಿ ಹಾಕಿ ಕತ್ತಿಯಿಂದ ಸೀಳಿದ್ದು. ಹತ್ತು ಸೆಂಟಿಮೀಟರಿಗೆ ಒಂದರಂತೆ ಒಂದು ಬದಿಗೆ ಮೂವತ್ತನಾಲ್ಕು ಆ್ಯಂಗಲ್ ತುಂಡು, ಎರಡು ಬದಿಗೆ ಅರವತ್ತೆಂಟು, ತುಂಡಿಗೆ ನಾಲ್ಕು ಬೋಲ್ಟು. ಅದರಲ್ಲಿ ಹತ್ತೊಂಬತ್ತನೆಯ ತುಂಡು ನಾಲ್ಕು ಮಿಲಿಮೀಟರ್ ಆಚೆ ಹೋಗಿತ್ತು. ಗುರುತು ಹಾಕಿದ್ದು ನಾನು, ಕನ್ನಡಕವಿಲ್ಲದೆ. ಸುತ್ತಿಗೊಮ್ಮೆ ಸ್ಪ್ರಾಕೆಟ್ಟಿನ ಹಲ್ಲು ಆ ತುಂಡನ್ನು ಹತ್ತಿ ಟಕ್ ಎನ್ನುತ್ತಿತ್ತು. ನೀನು ಎರಡು ದಿನ ಬೇರಿಂಗಿನಲ್ಲಿ ದೋಷ ಹುಡುಕಿದೆ. ನನಗೆ ಆಗಲೇ ಅನುಮಾನವಿತ್ತು, ಬಾಯಿ ಬಿಡಲಿಲ್ಲ. ಅದೂ ಇವತ್ತಿನ ಲೆಕ್ಕಕ್ಕೆ ಸೇರಿಬಿಡಲಿ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಮೂರು ಗೋಣಿ ಹಟ್ಟಿಗೊಬ್ಬರ ಹೇರಿಕೊಂಡು ಗಾಡಿ ಹಡಿಲು ಗದ್ದೆಗೆ ಇಳಿಯಿತು, ಹೂತುಹೋಗಲಿಲ್ಲ, ಆಚೆ ಹುಣಿಯವರೆಗೆ ಹೋಯಿತು. ಹಿಂದೆಯೇ ನಡೆಯುತ್ತಿದ್ದ ನಾನು ಮೊಣಕಾಲವರೆಗೆ ಕೆಸರಲ್ಲಿದ್ದೆ. ನಿನ್ನ ಲೆಕ್ಕ ಸರಿ. ಮರಳುವಾಗ ಎಡಗಡೆಯ ಪಟ್ಟಿ ಸಡಿಲಾದ ಹಾಗೆ ಕಂಡು, ಮಾವನ ಮಗನನ್ನು ಸೀಟಿನಲ್ಲಿ ಕೂರಿಸಿ, ಒಂದನೇ ಗೇರಿನಲ್ಲಿ ನಿಧಾನ ಬಿಡು ಎಂದು ಹೇಳಿ, ನೀನು ಪಕ್ಕದಲ್ಲಿ ನಡೆಯುತ್ತಾ ಬಗ್ಗಿ ನೋಡುತ್ತಿದ್ದೆ. ಆಗ ಜಡೆ ಹೆಗಲಿನಿಂದ ಮುಂದಕ್ಕೆ ಜಾರಿತು. ತುದಿಯಲ್ಲಿ ಕೆಂಪು ರಬ್ಬರ್ ಬ್ಯಾಂಡ್. ಅದರ ಕೆಳಗೆ ಪಟ್ಟಿಯನ್ನು ಓಡಿಸುವ ಚೈನ್. ನಡುವೆ ಒಂದು ಗೇಣು ಇತ್ತು. ಎರಡು ಗೇಣು ಎಂದು ಅಮ್ಮ ಹೇಳುತ್ತಾಳೆ. ಒಂದು ಮೊಳ ಎಂದು ನೀನು ಆ ದಿನ ಕೂಗಿದೆ. ಇರಲಿ.

ನಾನು ನಿನ್ನ ಹೆಗಲು ಹಿಡಿದು ಎಳೆದು ಕೆನ್ನೆಗೆ ಹೊಡೆದೆ. ಇಪ್ಪತ್ಮೂರು ವರ್ಷದ ಮಗಳಿಗೆ, ಮಾವ, ಅತ್ತೆ, ಪಕ್ಕದ ಮನೆಯವರು, ಮೊಬೈಲ್ ಹಿಡಿದು ನಿಂತಿದ್ದ ಹುಡುಗರು, ಎಲ್ಲರ ಎದುರು.

ಇದಕ್ಕೆ ಕಾರಣವಿದೆ. ಕಾರಣ ಕೊಟ್ಟರೆ ತಪ್ಪು ಕರಗುತ್ತದೆ ಎಂದು ಬರೆಯುತ್ತಿಲ್ಲ. ಅಮ್ಮನಿಗೂ ನಾನು ಇದನ್ನು ಹೇಳಿದವನಲ್ಲ.

1985ರ ಮಳೆಗಾಲ, ನನಗೆ ಹತ್ತೊಂಬತ್ತು. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯಲ್ಲಿದ್ದೆ ಎಂದು ನಿನಗೆ ಗೊತ್ತು, ಯಾಕೆ ಬಿಟ್ಟೆ ಎಂದು ಗೊತ್ತಿಲ್ಲ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ನಮ್ಮ ಮಣ್ಣು ಕಲಸುವ ಮಿಲ್ಲೂ ಅದೇ ವರ್ಷದ್ದಿರಬೇಕು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಮೇಲೆ ಉದ್ದಕ್ಕೆ ಒಂದು ಶಾಫ್ಟ್, ಅದರಿಂದ ಕೆಳಗೆ ಚಪ್ಪಟೆ ಬೆಲ್ಟು, ಬೆಲ್ಟಿನಿಂದ ಮಿಲ್ಲು. ಪಕ್ಕದಲ್ಲಿ ಸುಮ್ಮನೆ ತಿರುಗುವ ಇನ್ನೊಂದು ಪುಲ್ಲಿ. ಮರದ ಹಿಡಿಕೆಯೊಂದನ್ನು ತಳ್ಳಿದರೆ ಬೆಲ್ಟು ಆ ಪುಲ್ಲಿಗೆ ಜಾರುತ್ತದೆ, ಮಿಲ್ಲು ನಿಲ್ಲುತ್ತದೆ. ಇದಿಷ್ಟೇ. ಮಗುವೂ ತಳ್ಳಬಹುದಾದ ಹಿಡಿಕೆ.

ಮಣ್ಣು ಹೊರುವ ಹೆಂಗಸರಲ್ಲಿ ಒಬ್ಬರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಕೆಳಗೆ ಬಿದ್ದ ಮಣ್ಣಿನ ಮುದ್ದೆ ಎತ್ತಲು ಅವರು ಬಗ್ಗಿದರು. ಸೊಂಟಕ್ಕೆ ಸಿಕ್ಕಿಸಿದ್ದ ಒದ್ದೆ ಸೆರಗು ಜಾರಿ ಶಾಫ್ಟಿನ ತುದಿಗೆ ತಾಗಿತು. ಅವರು ಕಿರುಚಲಿಲ್ಲ. ಮಿಲ್ಲಿನ ಸದ್ದು ಮಾತ್ರ ದಪ್ಪವಾಯಿತು. ನಾನು ಆ ಮರದ ಹಿಡಿಕೆಯಿಂದ ಒಂದು ಮಾರು ದೂರದಲ್ಲಿದ್ದೆ. ಏನು ಮಾಡಬೇಕೆಂದು ಗೊತ್ತಿತ್ತು. ಶಾಫ್ಟು ಸುತ್ತುವುದನ್ನು ನೋಡುತ್ತಾ ನಿಂತೆ. ಒಂದು ಸುತ್ತು, ಎರಡು, ಮೂರು, ಸೀರೆಯ ಹಸಿರು ಅಂಚು ಬಿಗಿಯಾಗುತ್ತಾ ಹೋಯಿತು, ನಾಲ್ಕು. ಆಚೆ ಬದಿಯಿಂದ ಒಬ್ಬ ಮುದುಕ ಓಡಿಬಂದು, ನನ್ನನ್ನು ದೂಡಿ, ಹಿಡಿಕೆ ತಳ್ಳಿದ. ಅವನು ನನಗಿಂತ ಮೂರು ಪಟ್ಟು ದೂರದಲ್ಲಿದ್ದ.

ಅಕ್ಕ ಬದುಕಿದರು. ಬಲಗೈ ಮಾತ್ರ ಹೆಗಲಿನಿಂದ ಮೇಲೆ ಏಳಲಿಲ್ಲ. ನಾಲ್ಕು ತಿಂಗಳ ನಂತರ ಗುಡಿಸುವ ಕೆಲಸಕ್ಕೆ ಬಂದರು. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಬ್ಬ ಹೆಂಗಸು ಅವರ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅವರು ನನ್ನನ್ನು ಒಂದು ದಿನವೂ ಏನೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನು ಅಲ್ಲಿಯೇ ಉಳಿಯುತ್ತಿದ್ದೆ. ಆ ಜಡೆ ಹಾಕುವುದನ್ನು ನೋಡಲಾಗದೆ ಊರಿಗೆ ಬಂದೆ.

ನಾಲ್ಕು ಸುತ್ತು. ಐದೋ ನಾಲ್ಕೋ ಎಂದು ಎಷ್ಟು ರಾತ್ರಿ ಎಣಿಸಿದ್ದೇನೆ.

ಈ ಹನ್ನೊಂದು ದಿನಗಳಲ್ಲಿ ಇನ್ನೊಂದನ್ನು ಎಣಿಸುತ್ತಿದ್ದೇನೆ. ಗಾಡಿಯ ಹಿಂಭಾಗದಲ್ಲಿ ನೀನು ಕೆಂಪು ಬಟನ್ ಹಾಕಿದ್ದೆ. "ಸೀಟಿನಲ್ಲಿ ಕುಳಿತವನಿಗೆ ಕಾಣದ್ದು ಹಿಂದೆ ನಡೆಯುವವನಿಗೆ ಕಾಣುತ್ತದೆ, ಒತ್ತಿದರೆ ಎಂಜಿನ್ ಬಂದ್" ಎಂದು ನನ್ನ ಕೈ ಹಿಡಿದು ಎರಡು ಸಲ ಒತ್ತಿಸಿದ್ದೆ. ಆ ದಿನ ಬಟನ್ ನನ್ನ ಬಲಗೈಯ ಹತ್ತಿರವೇ ಇತ್ತು. ಆ ಕೈ ಬಟನ್ನಿಗೆ ಹೋಗಲಿಲ್ಲ, ನಿನ್ನ ಕೆನ್ನೆಗೆ ಹೋಯಿತು. ನಾನು ಹೊಡೆದು ಮುಗಿದ ಮೇಲೂ ಚೈನ್ ತಿರುಗುತ್ತಲೇ ಇತ್ತು. ಮಾವನ ಮಗ ಗಾಬರಿಯಿಂದ ಎರಡೂ ಲಿವರ್ ಎಳೆದು ನಿಲ್ಲಿಸಿದ. ಬಟನ್ ಇಟ್ಟವಳು ನೀನು. ಅಜಾಗರೂಕಳು ಎಂದು ಎಲ್ಲರೆದುರು ಅನ್ನಿಸಿಕೊಂಡವಳೂ ನೀನು. ತಪ್ಪಾಯಿತು ಮಗಳೇ.

ಆದರೂ ಹೇಳುತ್ತೇನೆ. ತಿರುಗುವ ವಸ್ತುವಿನ ಹತ್ತಿರ ಬಗ್ಗುವುದಿದ್ದರೆ ಮೊದಲು ಅದು ನಿಲ್ಲಬೇಕು. ನಿಧಾನ ತಿರುಗುತ್ತದೆ ಎನ್ನುವ ಮಾತು ಬೇಡ, ಆ ಮಿಲ್ಲೂ ನಿಧಾನವೇ ತಿರುಗುತ್ತಿತ್ತು. ನಿನ್ನ ಕಂಪನಿಯಲ್ಲಿ ಕೊರಳಿಗೆ ಹಾಕುವ ಐಡಿ ಕಾರ್ಡಿನ ದಾರವನ್ನು ಅಂಗಿಯ ಒಳಗೆ ಇಟ್ಟುಕೋ. ಡ್ರಿಲ್ಲಿನ ಮುಂದೆ ಕೈಗವಸು ಹಾಕಬೇಡ, ರಕ್ಷಣೆಗೆಂದು ಹಾಕಿದ್ದೇ ಬೆರಳನ್ನು ಎಳೆದುಕೊಂಡು ಹೋಗುತ್ತದೆ. ದುಪಟ್ಟಾ ಬೇಡ. ಬಳೆ ಬೇಡ, ಅಮ್ಮ ಏನಾದರೂ ಹೇಳಲಿ. ಪಾಳಿ ಮುಗಿಯುವ ಕೊನೆಯ ಅರ್ಧ ಗಂಟೆಯಲ್ಲಿ ಅವಸರ ಮಾಡಬೇಡ. ಮೇಲಿನವರು ಗಾರ್ಡ್ ತೆಗೆದು ಕೆಲಸ ಮಾಡು ಎಂದರೆ ಆಗುವುದಿಲ್ಲ ಎನ್ನು, ಕೆಲಸ ಹೋದರೆ ಹೋಗಲಿ, ಮನೆಯಲ್ಲಿ ಅಕ್ಕಿ ಇದೆ. ನೋಡು, ಉಪದೇಶ ಬರೆಯುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಕುಳಿತವನು ನಾನು. ಇದನ್ನೆಲ್ಲ ಅಲ್ಲಿ ಮೊದಲ ದಿನವೇ ನಿನಗೆ ಹೇಳಿಕೊಟ್ಟಿರುತ್ತಾರೆ ಎಂದೂ ಗೊತ್ತು. ಬರೆದದ್ದನ್ನು ಹೊಡೆದು ಹಾಕಿದರೆ ಕಾಗದ ಕೆಟ್ಟದಾಗಿ ಕಾಣುತ್ತದೆ, ಹಾಗೆಯೇ ಬಿಟ್ಟಿದ್ದೇನೆ.

ಕೂದಲು ಕತ್ತರಿಸಿಬಿಡುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ಅವಳು ರಾತ್ರಿ ಊಟ ಮಾಡಲಿಲ್ಲ. ನಿನಗೇ ಬೇಕೆನಿಸಿದರೆ ಕತ್ತರಿಸು, ನಾನು ಅಮ್ಮನನ್ನು ಸಮಾಧಾನ ಮಾಡುತ್ತೇನೆ. ನನ್ನ ಮೇಲಿನ ಸಿಟ್ಟಿಗೆ ಕತ್ತರಿಸಬೇಡ.

ಗಾಡಿಯನ್ನು ಗುಜರಿಗೆ ಕೊಡುತ್ತೇನೆ ಎಂದು ಆ ದಿನ ಕೂಗಾಡಿದ್ದನ್ನು ಮರೆತುಬಿಡು. ಒಳ್ಳೆಯ ಪ್ಲಗ್ ಎಣ್ಣೆಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿದೆ. ಮೇಲಿನ ಮನೆಯವರು ಗೊಬ್ಬರ ಸಾಗಿಸಲು ಎರಡು ದಿನಕ್ಕೆ ಕೊಡುತ್ತೀರಾ ಎಂದು ಕೇಳಿದರು. ಯಜಮಾನಿ ಪುಣೆಯಲ್ಲಿದ್ದಾಳೆ, ಅವಳನ್ನು ಕೇಳಬೇಕು ಎಂದೆ. ಚೈನಿಗೆ ಗಾರ್ಡ್ ಆಗದೆ ಯಾರಿಗೂ ಕೊಡುವುದಿಲ್ಲ ಎನ್ನುವುದನ್ನು ಅವರಿಗೆ ಹೇಳಲಿಲ್ಲ.

ಗಾರ್ಡ್ ಕೆಲಸ ಶುರು ಮಾಡಿದ್ದೇನೆ. ರಿಕ್ಷಾದ ಹಿಂದಿನ ಮಡ್‌ಗಾರ್ಡ್ ಹಟ್ಟಿಯ ಅಟ್ಟದಲ್ಲಿ ಉಳಿದಿತ್ತು, ಹಳದಿ ಬಣ್ಣ ಇನ್ನೂ ಇದೆ. ಅದನ್ನು ಕತ್ತರಿಸಿ, ಮಡಚಿ, ಎಡಗಡೆಯ ಚೈನಿಗೆ ಹಿಡಿದು ನೋಡಿದೆ. ಹದಿನೈದು ಹಲ್ಲಿನ ಸ್ಪ್ರಾಕೆಟ್ ಕಡೆ ಸರಿಯಾಗಿ ಕೂರುತ್ತದೆ. ತೊಂದರೆ ಇರುವುದು ನಲವತ್ತೈದು ಹಲ್ಲಿನದರ ಹತ್ತಿರ. ಚೈನ್ ಬಿಗಿ ಮಾಡಲು ನೀನು ಆ ಶಾಫ್ಟಿನ ಬೇರಿಂಗನ್ನು ಹಿಂದಕ್ಕೆ ಸರಿಸುತ್ತೀಯಲ್ಲ, ಆಗ ಗಾರ್ಡ್ ಕೂಡ ಸರಿಯಬೇಕು, ಇಲ್ಲದಿದ್ದರೆ ಉಜ್ಜುತ್ತದೆ. ಹಾಗಾಗಿ ದುಂಡು ತೂತು ಸಾಲದು, ಉದ್ದ ತೂತು ಬೇಕು. ಎಷ್ಟು ಉದ್ದ? ನಾನು ಸೀಮೆಸುಣ್ಣದಲ್ಲಿ ಎರಡೂವರೆ ಇಂಚಿಗೆ ಗುರುತು ಹಾಕಿದ್ದೇನೆ, ಈ ಸಲ ಕನ್ನಡಕ ಹಾಕಿಕೊಂಡು. ಡ್ರಿಲ್ ಇನ್ನೂ ಮುಟ್ಟಿಲ್ಲ. ಅಮ್ಮನ ಫೋನಿಗೆ ಬರೆದು ಕಳುಹಿಸಿದರೂ ಸಾಕು.

ಇಂತಿ
ನಿನ್ನ ಅಪ್ಪ